ಬಸಿರಿನ ವಾಂತಿ ಮಿತಿಮೀರಿದಾಗ ಏನನ್ನು ಗಮನಿಸಬೇಕು?

ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಬಸುರಿಗೆ ವಾಂತಿ ಜೋರಾದರೆ ಹಿರಿಯರು "ಇಷ್ಟ ಓಕರಿಕಿ ಅದ ಅಂದ್ರ ಹೆಣ್ಣ ಬಿಡ್ರಿ" ಎಂದುಬಿಡುತ್ತಾರೆ. ಈ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. 1999ರಲ್ಲಿ ಪ್ರಕಟವಾದ ಸ್ವೀಡನ್ ದೇಶದ ಅಧ್ಯಯನವೊಂದರಲ್ಲಿ, ಮೊದಲ ಮೂರು ತಿಂಗಳಲ್ಲಿ ಅತಿವಾಂತಿಯಿಂದ ಆಸ್ಪತ್ರೆ ಸೇರಿದ ತಾಯಂದಿರಿಗೆ ಹುಟ್ಟಿದ ಮಕ್ಕಳಲ್ಲಿ ನೂರಕ್ಕೆ ಸುಮಾರು 56 ಹೆಣ್ಣಿದ್ದವು. ಒಟ್ಟು ಜನನಗಳಲ್ಲಿ ಆ ಪ್ರಮಾಣ 49ರಷ್ಟಿತ್ತು. ಆದರೆ ಉಳಿದ 44 ಗಂಡುಮಕ್ಕಳ ತಾಯಂದಿರೂ ಅದೇ ಸಂಕಟ ಉಂಡವರೇ ಆದ್ದರಿಂದ, ಲಕ್ಷಾಂತರ ಹೆರಿಗೆಗಳನ್ನು ಎಣಿಸಿದಾಗ ಮಾತ್ರ ಕಾಣುವ ಈ ವ್ಯತ್ಯಾಸದಿಂದ ನಿಮ್ಮ ಮನೆಯ ಮಗು ಯಾವುದೆಂದು ತಿಳಿಯಲಾಗದು. ವಾಂತಿಗೆ ಹೀಗೊಂದು ಅರ್ಥ ಕಟ್ಟಿಕೊಂಡ ಮನೆಯಲ್ಲಿ ಚಿಕಿತ್ಸೆ ತಡವಾಗುತ್ತದೆ ಎಂಬುದೇ ನನ್ನ ತಕರಾರು.

ಊಹೆಗಿಂತ ಮೊದಲು ಅಳತೆಯಾಗಲಿ. ಬಸಿರಿನ ಆರಂಭದ ತೂಕವನ್ನು ತಾಯಿ ಕಾರ್ಡಿನಲ್ಲಿ ಬರೆಸಿ, ವಾರಕ್ಕೊಮ್ಮೆ ಅದೇ ತಕ್ಕಡಿಯಲ್ಲಿ ತೂಗಬೇಕು. ನೂರಕ್ಕೆ 5ರಷ್ಟು ತೂಕ ಇಳಿದರೆ, ಅಂದರೆ 50 ಕೆ.ಜಿ. ಇದ್ದವರು ಎರಡೂವರೆ ಕೆ.ಜಿ. ಕಳೆದುಕೊಂಡರೆ, ಅದು ಸಾಮಾನ್ಯ ಓಕರಿಕೆಯಲ್ಲ. ಎಂಟು ತಾಸು ಮೂತ್ರವೇ ಆಗದಿದ್ದರೆ, ಆದದ್ದು ಕಡುಹಳದಿಯಾಗಿದ್ದರೆ, ಒಂದಿಡೀ ದಿನ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ, ವಾಂತಿಯಲ್ಲಿ ರಕ್ತ ಕಂಡರೆ ಕಾಯದೆ ಆಸ್ಪತ್ರೆಗೆ ಹೊರಡಬೇಕು. ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಬೇಕು.

ಅಷ್ಟು ತೀವ್ರವಲ್ಲದಿದ್ದರೆ ಮನೆಯಲ್ಲಿಯೇ ಮಾಡಬಹುದಾದದ್ದು ಸಾಕಷ್ಟಿದೆ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಕಡಕ್ ಜೋಳದ ರೊಟ್ಟಿಯ ಒಂದು ಚೂರನ್ನೋ ಹಿಡಿ ಚುರುಮುರಿಯನ್ನೋ ನಿಧಾನವಾಗಿ ಅಗಿಯಬೇಕು. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಪೊಟ್ಟಣ ಓಆರ್‌ಎಸ್ ಬೆರೆಸಿ, ಲೋಟಗಟ್ಟಲೆ ಕುಡಿಸದೆ, ಕೆಲವು ನಿಮಿಷಗಳಿಗೊಮ್ಮೆ ಚಮಚದಿಂದ ಕೊಡಬೇಕು. ಒಗ್ಗರಣೆಯ ವಾಸನೆ ತಾಗದಂತೆ ಅವಳನ್ನು ಅಡುಗೆಮನೆಯಿಂದ ದೂರವಿಡಬೇಕು (ಇದಕ್ಕೆ ಮನೆಯ ಗಂಡಸರು ಒಲೆಯ ಮುಂದೆ ನಿಲ್ಲುವುದೇ ಒಳ್ಳೆಯ ಮದ್ದು). ಕಬ್ಬಿಣದ ಮಾತ್ರೆಯಿಂದ ಓಕರಿಕೆ ಹೆಚ್ಚಿದರೆ ತಾವೇ ನಿಲ್ಲಿಸದೆ ವೈದ್ಯರನ್ನು ಕೇಳಬೇಕು. ಡಾಕ್ಸಿಲಮೀನ್ ಮತ್ತು ಬಿ6 ಕೂಡಿದ ಮಾತ್ರೆ ಬಸುರಿಯರಿಗೆ ದೀರ್ಘಕಾಲದಿಂದ ಬಳಕೆಯಲ್ಲಿದೆ. ಅದನ್ನೂ ವೈದ್ಯರ ಚೀಟಿಯಂತೆಯೇ ತೆಗೆದುಕೊಳ್ಳಬೇಕು.

ಆಸ್ಪತ್ರೆಯಲ್ಲಿ ಮೂತ್ರದ ಕೀಟೋನ್ (ಊಟವಿಲ್ಲದೆ ದೇಹ ತನ್ನ ಕೊಬ್ಬನ್ನೇ ಕರಗಿಸಿದಾಗ ಬರುವ ವಸ್ತು) ಮತ್ತು ರಕ್ತದ ಲವಣಾಂಶ ಪರೀಕ್ಷಿಸಿ ಸಲೈನ್ ಹಚ್ಚುತ್ತಾರೆ. ಹಲವು ದಿನ ಊಟವಿಲ್ಲದೆ ಬಂದವರಿಗೆ ಗ್ಲುಕೋಸ್‌ಗಿಂತ ಮೊದಲು ಥಯಾಮಿನ್, ಅಂದರೆ ಬಿ1 ಜೀವಸತ್ವ, ಕೊಡದಿದ್ದರೆ ಮಿದುಳಿಗೆ ಅಪಾಯವಾಗಬಹುದಾದ್ದರಿಂದ, ಎಷ್ಟು ದಿನದಿಂದ ಊಟ ಹೊಟ್ಟೆಯಲ್ಲಿ ನಿಂತಿಲ್ಲ ಎಂಬುದನ್ನು ಮರೆಯದೆ ತಿಳಿಸಬೇಕು. ಸ್ಕ್ಯಾನ್ ಮಾಡುವುದು ಅವಳಿ ಇದೆಯೇ, ಗರ್ಭ ಸಹಜವಾಗಿ ಬೆಳೆದಿದೆಯೇ ಎಂದು ನೋಡಲು. ಅಲ್ಲಿ ಲಿಂಗ ಕೇಳುವುದೂ ಹೇಳುವುದೂ 1994ರ ಕಾಯ್ದೆಯ ಪ್ರಕಾರ ಜೈಲುಶಿಕ್ಷೆಯ ಅಪರಾಧ.

ಮಾಸು ಮತ್ತು ಭ್ರೂಣದಿಂದ ತಾಯಿಯ ರಕ್ತ ಸೇರುವ ಜಿಡಿಎಫ್-15 ಎಂಬ ಹಾರ್ಮೋನು ಈ ವಾಂತಿಯ ಮುಖ್ಯ ಕಾರಣವೆಂದೂ, ಬಸಿರಿಗೆ ಮುನ್ನ ಅದು ಕಡಿಮೆ ಇದ್ದವರಿಗೆ ಬಾಧೆ ಹೆಚ್ಚೆಂದೂ 2023ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ಮೊದಲ ಬಸಿರಿನಲ್ಲಿ ಹೀಗೆ ನರಳಿದವರಿಗೆ ಎರಡನೆಯದರಲ್ಲಿಯೂ, ಒಳಗಿರುವುದು ಗಂಡಾಗಲಿ ಹೆಣ್ಣಾಗಲಿ, ಅದು ಮರುಕಳಿಸುವ ಸಂಭವ ಹೆಚ್ಚಾಗಿರುವುದರಿಂದ, ಮುಟ್ಟು ತಪ್ಪಿದ ವಾರವೇ ವೈದ್ಯರಿಗೆ ಹಿಂದಿನ ಕಥೆ ಹೇಳಿ ಔಷಧದ ಬಗ್ಗೆ ವಿಚಾರಿಸಬೇಕು.