ಹಲಸಿನ ಮಂಚಕ್ಕೆ ಕಡು ನೀಲಿ ಬಳಿದಿದ್ದು

ಸಾಗರದ ನಮ್ಮ ಮನೆಯ ಮಲಗುವ ಕೋಣೆಯಲ್ಲಿ ಹಲಸಿನ ಮರದ ಒಂದು ಮಂಚ, ಒಂದು ಬಟ್ಟೆ ಬೀರು ಇವೆ. ನಾನು ಚಿಕ್ಕವಳಿದ್ದಾಗಲೇ ಎರಡಕ್ಕೂ ತಿಳಿ ಕಂದು ಎನಾಮಲ್ ಹೊಡೆಸಿದ್ದರು. ಅದು ಅಲ್ಲಲ್ಲಿ ಎದ್ದು ಬರುತ್ತಿತ್ತು. ಕಡು ನೀಲಿ ಬಳಿಯುತ್ತೇನೆ ಅಂದಾಗ ಅಮ್ಮ, "ಮಲಗೋ ಕೋಣೆಗೆ ಆ ಕಪ್ಪು ಯಾಕೆ ಮಾರಾಯ್ತಿ?" ಅಂದಳು. ಕೆಂಪು ಗಾರೆ ನೆಲ, ಬಿಳಿ ಗೋಡೆ. ಅವೆರಡರ ನಡುವೆ ಆ ನೀಲಿ ಎಷ್ಟು ಚೆನ್ನಾಗಿರುತ್ತದೆ ಅಂತ ನನಗೆ ಗೊತ್ತಿತ್ತು.

ಒಂದು ಮಾತು. ನಿಮ್ಮದು ಬೀಟೆ ಅಥವಾ ತೇಗವಾಗಿದ್ದು, ಮೇಲೆ ಬರೀ ಪಾಲಿಶ್ ಇದ್ದರೆ ದಯವಿಟ್ಟು ಬಣ್ಣ ಬಳಿಯಬೇಡಿ. ನಮ್ಮದಕ್ಕೆ ಮೊದಲೇ ಬಣ್ಣ ಬಿದ್ದಿತ್ತು, ಕೆತ್ತನೆಯ ಸಂದಿಗಳಲ್ಲೂ ಇಳಿದಿತ್ತು. ಅದಕ್ಕೇ ಧೈರ್ಯ ಮಾಡಿದೆ.

ಮಳೆಗಾಲ ಬಿಟ್ಟು ಫೆಬ್ರವರಿಯಲ್ಲಿ ಶುರು ಮಾಡಿದೆ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದಿದ್ದು 2017ರ ನವೆಂಬರಿನಲ್ಲಿ. ನಮ್ಮ ಮಂಚದ ಬಣ್ಣ ಅದಕ್ಕಿಂತ ಎಷ್ಟೋ ಹಳೆಯದು, ಅದರಲ್ಲಿ ವಿಷವಾದ ಸೀಸ ಹೆಚ್ಚೇ ಇರಬಹುದು. ಹಾಗಾಗಿ ಧೂಳು ಏಳದ ಹಾಗೆ ನೀರು ಚಿಮುಕಿಸಿ, 120 ನಂಬರಿನ ವಾಟರ್ ಪೇಪರಿನಲ್ಲಿ (ನೀರು ಹಾಕಿ ಉಜ್ಜುವ ಮರಳು ಕಾಗದ, ನಂಬರ್ ಹೆಚ್ಚಿದಷ್ಟೂ ನುಣುಪು) ಉಜ್ಜಿದೆ. ಮಾಸ್ಕ್ ಹಾಕಿಕೊಂಡೆ, ಮಗಳನ್ನು ಆ ಕಡೆ ಬಿಡಲಿಲ್ಲ. ಪೂರ್ತಿ ಮರ ಕಾಣಬೇಕಿಲ್ಲ, ಹಳೆಯ ಹೊಳಪು ಹೋಗಿ, ಎದ್ದ ಬಣ್ಣ ಬಿಟ್ಟುಬಂದರೆ ಸಾಕು. ಆಮೇಲೆ 220ರಲ್ಲಿ ಇನ್ನೊಂದು ಸಲ.

ಗಾಢ ಬಣ್ಣದ ಕಷ್ಟ ಇಲ್ಲಿಂದ. ತಿಳಿ ಬಣ್ಣದಲ್ಲಿ ಮುಚ್ಚಿಹೋಗುವ ಗೀರು, ತಗ್ಗು ಎಲ್ಲ ಗಾಢ ಬಣ್ಣದಲ್ಲಿ ಎದ್ದು ಕಾಣುತ್ತವೆ. ಬಣ್ಣಕ್ಕೆ ಮೊದಲು ಅಡಿಗೆ ಬಳಿಯುವ ಪ್ರೈಮರ್ ಹೊಡೆದು, ಅದು ಒಣಗಿದ ಮೇಲೆ ರಾತ್ರಿ ದೀಪ ಆರಿಸಿ, ಟಾರ್ಚನ್ನು ಹಲಗೆಗೆ ತಾಗಿಸಿ ಅಡ್ಡಡ್ಡ ಬೆಳಕು ಬಿಟ್ಟೆ. ಹಗಲಲ್ಲಿ ನುಣ್ಣಗೆ ಕಂಡ ಬೀರುವಿನ ಬಾಗಿಲಲ್ಲಿ ಹದಿನೈದು ತಗ್ಗು! ಒಂದೊಂದಕ್ಕೂ ಪೆನ್ಸಿಲಿನಲ್ಲಿ ಗುಂಡು ಹಾಕಿ, ಬೆಳಿಗ್ಗೆ ಮರದ ಪುಟ್ಟಿ ತುಂಬಿ, 320ರಲ್ಲಿ ಉಜ್ಜಿ, ಅಷ್ಟಕ್ಕೇ ಮತ್ತೆ ಪ್ರೈಮರ್ ಮುಟ್ಟಿಸಿದೆ. ಇಡೀ ಕೆಲಸದಲ್ಲಿ ಇದಕ್ಕೇ ಜಾಸ್ತಿ ಹೊತ್ತು ಹೋಯಿತು. ಬಿಳಿ ಪ್ರೈಮರಿಗೆ ಸ್ವಲ್ಪ ಕಪ್ಪು ಸ್ಟೇನರ್ (ಬೆರೆಸುವ ಗಟ್ಟಿ ಬಣ್ಣ) ಬೆರೆಸಿ ಬೂದು ಮಾಡಿಕೊಂಡಿದ್ದೆ. ಮುಂದೆ ಎಲ್ಲಾದರೂ ಕೆತ್ತಿಹೋದರೂ ಒಳಗಿಂದ ಬಿಳಿ ಇಣುಕುವುದಿಲ್ಲ.

ಬಣ್ಣಕ್ಕೆ ಸ್ಯಾಟಿನ್ ಎನಾಮಲ್ ತಂದೆ. ಪೂರ್ತಿ ಹೊಳೆಯುವುದು ಬೇಡ, ಬೆರಳಚ್ಚೂ ಕಾಣುತ್ತದೆ. ಮೊದಲ ಕೋಟು ಹೊಡೆದಾಗ ಗೆರೆಗೆರೆಯಾಗಿ, ಅಡಿಯ ಬೂದು ಕಾಣುತ್ತಾ, ಹೆದರಿಕೆಯೇ ಆಯಿತು. ಅಂಗಡಿಯಲ್ಲಿ ಬೆರೆಸಿಕೊಡುವ ಇಂಥ ಗಾಢ ಬಣ್ಣಗಳ ಬೇಸಿನಲ್ಲಿ, ಅಂದರೆ ಬಣ್ಣ ಬೆರೆಸುವ ಮೂಲ ಡಬ್ಬಿಯಲ್ಲಿ, ಅಡಿಯದನ್ನು ಮುಚ್ಚುವ ಬಿಳಿ ಪುಡಿ ತೀರಾ ಕಡಿಮೆ, ಅದಕ್ಕೇ ಅವು ಬೇಗ ಮುಚ್ಚುವುದಿಲ್ಲ. ದಪ್ಪ ಹೊಡೆದರೆ ಸೋರುತ್ತದೆ. ತೆಳುವಾಗಿ ಮೂರು ಕೋಟು ಹೊಡೆದೆ, ನಡುವೆ ಒಂದೊಂದು ದಿನ ಬಿಟ್ಟು, 400ರಲ್ಲಿ ಹಗುರವಾಗಿ ಸವರಿ. ಅಗಲ ಹಲಗೆಗೆ ಸ್ಪಂಜಿನ ರೋಲರ್, ಕೆತ್ತನೆಗೆ ಸಣ್ಣ ಬ್ರಷ್. ಪ್ರತಿ ಸಲ ಮೊದಲು ನೆಲ ಒರೆಸುತ್ತಿದ್ದೆ, ಫ್ಯಾನ್ ಆರಿಸುತ್ತಿದ್ದೆ.

ಆದರೂ ತಪ್ಪಿತು. ಮುಟ್ಟಿದರೆ ಅಂಟುತ್ತಿಲ್ಲ ಅಂತ ಕೊನೆಯ ಕೋಟಿನ ಮೂರನೇ ದಿನವೇ ಬೀರುವಿನ ಬಾಗಿಲು ಮುಚ್ಚಿದೆ. ಬೆಳಿಗ್ಗೆ ಎಳೆದರೆ ಅಂಚಿನ ಬಣ್ಣ ಸಿಪ್ಪೆಯಂತೆ ಕಿತ್ತು ಬಂತು. ಅಳುವೇ ಬಂತು. ಮೇಲೆ ಒಣಗಿದ ಎನಾಮಲ್ ಒಳಗೆ ಗಟ್ಟಿಯಾಗಲು ವಾರಗಳೇ ಬೇಕು. ಅಂಚನ್ನು ಮತ್ತೆ ಉಜ್ಜಿ ಬಳಿದು, ಈ ಸಲ ಎರಡು ವಾರ ಬಾಗಿಲು ತೆರೆದೇ ಇಟ್ಟೆ. ಹಾಸಿಗೆಯನ್ನೂ ಅಲ್ಲಿಯವರೆಗೆ ಮಂಚಕ್ಕೆ ಹಾಕಲಿಲ್ಲ, ಎಲ್ಲರೂ ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದೆವು.

ಬೀರುವಿನ ಹಳೆಯ ಹಿತ್ತಾಳೆ ಹಿಡಿಗಳನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಮತ್ತೆ ಹಾಕಿದ್ದೇನೆ. ಆ ನೀಲಿಯ ಮೇಲೆ ಅವು ಬಂಗಾರದ ಹಾಗೆ ಕಾಣುತ್ತವೆ. ಧೂಳು ಕೂತರೆ ಥಟ್ಟನೆ ಗೊತ್ತಾಗುತ್ತದೆ, ಅದು ನಿಜ. ಹಳೆಯ ಪಂಚೆಯ ತುಂಡು ಹಿಡಿದು ದಿನ ಬಿಟ್ಟು ದಿನ ಒರೆಸುವವಳು ಈಗ ಅಮ್ಮನೇ.