ದೇವರಾಜ ಅರಸರ ಆಡಳಿತವನ್ನು ತೂಗಿ ನೋಡುವ ಬಗೆ

ಡಿ. ದೇವರಾಜ ಅರಸು ಅವರ ಬಗ್ಗೆ ಬರೆಯಲು ಕುಳಿತವರು ಮೊದಲು ಜಯಂತಿಯ ಭಾಷಣಗಳನ್ನು ಬದಿಗಿಡಬೇಕು. 1972ರಿಂದ 1980ರ ಜನವರಿಯವರೆಗೆ, ನಡುವಿನ ಎರಡು ತಿಂಗಳ ರಾಷ್ಟ್ರಪತಿ ಆಳ್ವಿಕೆಯನ್ನು ಬಿಟ್ಟರೆ, ಅವರೇ ಮುಖ್ಯಮಂತ್ರಿಯಾಗಿದ್ದರು. ಆ ಅವಧಿಯ ಒಂದೊಂದು ನಿರ್ಧಾರದಿಂದ ಯಾರಿಗೆ ಏನು ಸಿಕ್ಕಿತು, ಯಾರು ಏನು ಕಳೆದುಕೊಂಡರು ಎಂಬುದನ್ನು ಬಿಡಿಬಿಡಿಯಾಗಿ ಬರೆದುಕೊಳ್ಳಿ.

ಭೂಸುಧಾರಣೆಗೆ ಹೆಚ್ಚು ಸಮಯ ಕೊಡಿ. 1974ರ ಮಾರ್ಚ್ 1ರಂದು ಜಾರಿಗೆ ಬಂದ ತಿದ್ದುಪಡಿಯು ಗೇಣಿ ಜಮೀನನ್ನು ಸರ್ಕಾರದಲ್ಲಿ ನಿಹಿತಗೊಳಿಸಿ (ಅಂದರೆ ಸರ್ಕಾರದ ಒಡೆತನಕ್ಕೆ ತಂದು), ಉಳುವವನು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ ಭೂನ್ಯಾಯಮಂಡಳಿಯ ಮೂಲಕ ಒಡೆತನ ಪಡೆಯಲು ದಾರಿ ಮಾಡಿತು. ಆರಂಭದಲ್ಲಿ ಮಂಡಳಿಯ ಮುಂದೆ ವಕೀಲರಿಗೆ ಪ್ರವೇಶವಿರಲಿಲ್ಲ. ಓದುಬರಹ ಬಾರದ ಚಾಲಗೇಣಿ (ಒಡೆಯ ಬೇಕೆಂದಾಗ ಬಿಡಿಸಬಹುದಾದ ಗೇಣಿ) ಒಕ್ಕಲಿಗೆ ಇದೆಷ್ಟು ದೊಡ್ಡ ಆಸರೆಯಾಗಿತ್ತೆಂಬುದು ಕರಾವಳಿಯ ಹಿರಿಯರಿಗೆ ಗೊತ್ತು. ಹೀಗೆ ಅರ್ಜಿ ಸಲ್ಲಿಸಿ ಪಡೆದ ಜಮೀನನ್ನು ಅಲ್ಲಿ ಈಗಲೂ ‘ಡಿಕ್ಲರೇಷನ್‌ನಲ್ಲಿ ಬಂದ ಜಾಗ’ ಎನ್ನುತ್ತಾರೆ. ಸಾಧ್ಯವಾದರೆ ಒಂದೇ ಸರ್ವೆ ನಂಬರಿನ ಹಳೆಯ ಮತ್ತು ಈಚಿನ ಪಹಣಿಗಳನ್ನು ಎದುರುಬದುರಾಗಿಟ್ಟು, 12ನೇ ಕಾಲಂನಲ್ಲಿ ಸಾಗುವಳಿದಾರನಾಗಿದ್ದವನ ಹೆಸರು ಒಡೆಯನ 9ನೇ ಕಾಲಂಗೆ ಬಂದಿದೆಯೇ ಎಂದು ನೋಡಿ. ಆದರೆ ಗೇಣಿಯೂ ಇಲ್ಲದ ಕೂಲಿಯಾಳಿಗೆ ತುಂಬಲು ನಮೂನೆಯೇ ಇರಲಿಲ್ಲ. ಕಾಫಿ ತೋಟಗಳಿಗೆ ವಿನಾಯಿತಿಯಿತ್ತು. ನನ್ನ ದೃಷ್ಟಿಯಲ್ಲಿ ಇದು ಕಾನೂನಿನ ದೊಡ್ಡ ಕೊರತೆ.

ಕೀರ್ತಿಯನ್ನು ಹಂಚಿ ಬರೆಯಿರಿ. ಭೂಸುಧಾರಣೆಯ ಮಾತು ಬಂದಾಗ ಕಂದಾಯ ಸಚಿವ ಹುಚ್ಚಮಾಸ್ತಿಗೌಡರನ್ನೂ, ತಲೆಯ ಮೇಲೆ ಮಲ ಹೊರುವ ಪದ್ಧತಿಯ ನಿಷೇಧದ ಮಾತು ಬಂದಾಗ ಸಚಿವ ಬಿ. ಬಸವಲಿಂಗಪ್ಪನವರನ್ನೂ ಮರೆಯುವಂತಿಲ್ಲ. ಹಿಂದುಳಿದ ವರ್ಗಗಳ ಮೀಸಲಾತಿಯ ಬಗ್ಗೆ ಎಲ್.ಜಿ. ಹಾವನೂರು ಆಯೋಗದ 1975ರ ವರದಿಯನ್ನೇ ಓದಿ. ಲಿಂಗಾಯತರನ್ನು ಪಟ್ಟಿಯಿಂದ ಹೊರಗಿಟ್ಟದ್ದಕ್ಕೆ ಎದ್ದ ಆಕ್ಷೇಪಗಳನ್ನೂ ಅದರ ಜೊತೆಗೇ ಓದಿ.

ತುರ್ತುಪರಿಸ್ಥಿತಿಯ (1975–77) ಬಂಧನಗಳ ವಿಷಯದಲ್ಲಿ ‘ದಿಲ್ಲಿಯ ಆದೇಶ’ ಎಂಬ ಸಮಜಾಯಿಷಿಯನ್ನು ಸುಲಭಕ್ಕೆ ಒಪ್ಪಬೇಡಿ. ಬಂದೀಖಾನೆ ರಾಜ್ಯದ ವಿಷಯ. ವಿಚಾರಣೆಯಿಲ್ಲದೆ ಸೆರೆಯಲ್ಲಿಡಲು ಬಳಸಿದ ಮೀಸಾ (ಆಂತರಿಕ ಭದ್ರತಾ) ಕಾಯ್ದೆಯಡಿ ಬಂಧನದ ಆದೇಶ ಹೊರಡಿಸುವ ಅಧಿಕಾರ ರಾಜ್ಯ ಸರ್ಕಾರಕ್ಕೂ ಜಿಲ್ಲಾ ದಂಡಾಧಿಕಾರಿಗಳಿಗೂ ಇತ್ತು.

ಭ್ರಷ್ಟಾಚಾರದ ಆರೋಪಗಳಿಗೆ, ಅರಸು ಮತ್ತವರ ಸರ್ಕಾರದ ಮೇಲಿನ ದೂರುಗಳ ವಿಚಾರಣೆ ನಡೆಸಿದ ಗ್ರೋವರ್ ಆಯೋಗದ ಕಡತ ಬೇಕು. ಅದನ್ನು 1977ರಲ್ಲಿ ನೇಮಿಸಿದ್ದು ಕೇಂದ್ರದಲ್ಲಿದ್ದ ಎದುರಾಳಿ ಜನತಾ ಸರ್ಕಾರವೆಂಬುದನ್ನೂ, ರಾಜ್ಯವು ಆ ನೇಮಕವನ್ನು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತೆಂಬುದನ್ನೂ ಒಟ್ಟಿಗೇ ದಾಖಲಿಸಿ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳುವವರೇ ಹೆಚ್ಚು.

ಕೊನೆಗೆ ಕಾಲಾನುಕ್ರಮಣಿಕೆ ಬರೆಯುವಾಗ ಸಾಧನೆಗೊಂದು, ತಪ್ಪಿಗೊಂದು ಎಂದು ಎರಡು ಪಟ್ಟಿ ಮಾಡದೆ ಎಲ್ಲವನ್ನೂ ವರ್ಷದ ಪ್ರಕಾರ ಒಂದೇ ಸಾಲಿಗೆ ತನ್ನಿ. ಆಗ 1976ರ ಎದುರು ತಾಲ್ಲೂಕು ಕೇಂದ್ರಗಳಲ್ಲಿ ಗೇಣಿದಾರರ ಅರ್ಜಿಗಳ ವಿಚಾರಣೆಯೂ, ಬೆಂಗಳೂರಿನ ಸೆರೆಮನೆಯಲ್ಲಿ ಆಸ್ತಮಾದಿಂದ ಬಳಲುತ್ತಿದ್ದ ರಾಜಕೀಯ ಕೈದಿ, ನಟಿ ಸ್ನೇಹಲತಾ ರೆಡ್ಡಿಯವರ ಹೆಸರೂ ಅಕ್ಕಪಕ್ಕದಲ್ಲಿ ಬರುತ್ತವೆ.