ಹಂದಿ ಕೊಯ್ಯುವಾಗ ಮೊದಲು ಗುದದ್ವಾರ ಕಟ್ಟಿಬಿಡಿ
ಟೆಕ್ಸಾಸ್ ಕಡೆ ಕಾಡುಹಂದಿ ಬೇಟೆಗೆ ಹೋಗುವವರು ಗಮನಿಸಿ (ಜಮೀನಿನ ಮಾಲೀಕರ ಒಪ್ಪಿಗೆಯಿದ್ದರೆ ಅಲ್ಲಿ ಖಾಸಗಿ ಜಾಗದಲ್ಲಿ 2019ರಿಂದ ಲೈಸೆನ್ಸ್ ಬೇಕಿಲ್ಲ, ನಮ್ಮೂರಲ್ಲಿ ಅನುಮತಿಯಿಲ್ಲದೆ ಬೇಟೆಯಾಡುವುದು ಕಾನೂನಿಗೆ ವಿರುದ್ಧ): ಹೊಟ್ಟೆಗೆ ಚಾಕು ಹಾಕುವ ಮುಂಚೆ ಗುದದ್ವಾರದ ಸುತ್ತ ಸಣ್ಣ ಚಾಕುವಿನಿಂದ ಕೊಯ್ದು, ಕರುಳಿನ ತುದಿಯನ್ನು ನಾಲ್ಕು ಬೆರಳಿನಷ್ಟು ಹೊರಗೆಳೆದು, ದಪ್ಪ ದಾರದಿಂದಲೋ ಜಿಪ್ ಟೈನಿಂದಲೋ (ಎಳೆದರೆ ಬಿಗಿಯಾಗುವ ಪ್ಲಾಸ್ಟಿಕ್ ಪಟ್ಟಿ) ಬಿಗಿಯಾಗಿ ಕಟ್ಟಿಬಿಡಿ. ಆಮೇಲೆ ಹೊಟ್ಟೆ ಸೀಳಿ ಎಳೆದರೆ ಕರುಳೆಲ್ಲ ಒಟ್ಟಿಗೇ ಬರುತ್ತದೆ, ಒಳಗಿನ ಹೊಲಸು ತೊಡೆ ಮಾಂಸಕ್ಕೆ ತಾಗುವುದಿಲ್ಲ. ಚಾಕುವಿನ ಮೊನೆ ಸೊಂಟದ ಮೂಳೆಗೆ ಒತ್ತಿಕೊಂಡೇ ಸುತ್ತಬೇಕು. ಒಳಕ್ಕೆ ವಾಲಿದರೆ ಕರುಳು ತೂತಾಗಿ ಕಟ್ಟಿದ್ದೂ ವ್ಯರ್ಥ. ಹೊಟ್ಟೆ ಸೀಳುವಾಗ ಅಲಗು ಮೇಲ್ಮುಖವಾಗಿರಲಿ, ಅದರಡಿ ಎರಡು ಬೆರಳು ಕೊಟ್ಟು ಕರುಳನ್ನು ಕೆಳಗೆ ಒತ್ತಿಕೊಳ್ಳಿ. ಮೂತ್ರಕೋಶವನ್ನು ಅದರ ಕಿರಿದಾದ ಬಾಯಿಯ ಹತ್ತಿರ ಹಿಸುಕಿ ಹಿಡಿದೇ ಕತ್ತರಿಸಿ ತೆಗೆಯಿರಿ. ಗುಂಡು ಹೊಟ್ಟೆಗೇ ಬಿದ್ದಿದ್ದರೆ ಮಾತ್ರ ಇದು ಉಪಯೋಗಕ್ಕೆ ಬರಲ್ಲ, ಒಳಗೆ ಆಗಲೇ ಎಲ್ಲ ಚೆಲ್ಲಿರುತ್ತದೆ. ಆಗ ಹೊಟ್ಟೆ ತೆರೆಯಲೇಬೇಡಿ: ಚರ್ಮ ಸುಲಿದು ಮುಂಗಾಲು, ತೊಡೆ, ಬೆನ್ನಿನ ಉದ್ದದ ಮಾಂಸ ಇಷ್ಟನ್ನೇ ಹೊರಗಿನಿಂದ ಬಿಡಿಸಿಕೊಳ್ಳಿ. ಗ್ಲೌಸ್ ಇಲ್ಲದೆ ದಯವಿಟ್ಟು ಕೈ ಹಾಕಬೇಡಿ, ಈ ಹಂದಿಗಳ ರಕ್ತದಿಂದ ಬ್ರುಸೆಲೋಸಿಸ್ ಎಂಬ ಜ್ವರ ತರುವ ಸೋಂಕು ಹರಡುತ್ತದೆ, ಕೈಮೇಲೊಂದು ಸಣ್ಣ ಗೀರಿದ್ದರೂ ಸಾಕು. ಮಾಂಸವನ್ನು ಕೂಡಲೇ ಐಸ್ ಮೇಲಿಡಿ, ಕೂಲರ್‌ನ (ಐಸ್ ಪೆಟ್ಟಿಗೆಯ) ನೀರು ಹೋಗುವ ತೂತು ತೆರೆದಿರಲಿ. ಕರಗಿದ ನೀರಲ್ಲಿ ನೆನೆದ ಮಾಂಸ ಬಿಳಿಚಿಕೊಂಡು ಸಪ್ಪೆಯಾಗುತ್ತದೆ. ಬೇಯಿಸುವಾಗ ತುಂಡಿನ ನಡುಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟಲೇಬೇಕು. ಫ್ರೀಜರ್‌ನಲ್ಲಿಟ್ಟರೆ ಹುಳುಗಳೆಲ್ಲ ಸಾಯುತ್ತವೆ ಎಂದು ನಂಬಿ ಅರೆಬೆಂದದ್ದನ್ನು ತಿನ್ನಬೇಡಿ.